ಗಣಿ ಮುಚ್ಚೋ ಲೆಕ್ಕ ಅಗೆಯೋ ಮೊದಲೇ ಕೇಳ್ರಿ

ಈ ಸಲ ಬೆಳೆ ವಿಷಯ ಅಲ್ಲ, ಮಣ್ಣಿನ ವಿಷಯ. ಸ್ವಲ್ಪ ಉದ್ದ ಐತೆ, ಪೂರ್ತಿ ಓದ್ರಿ.

ಮೊದಲು ನನ್ನ ತಪ್ಪು ಹೇಳ್ಕೊಂತೀನಿ. ಹತ್ತು ವರ್ಷದ ಹಿಂದೆ ಮಗಳ ಮದುವೆ ಸಾಲ ತೀರಿಸೋಕೆ ಅಂತ ಗುಡ್ಡದ ಕಡೆ ಇರೋ ಒಂದು ಎಕರೆಯಾಗೆ ಗರಸು ತೆಗೆಯೋಕೆ ಕೊಟ್ಟೆ. 40 ಸಾವಿರ ಬಂತು. "ಕೆಲಸ ಮುಗಿದ ಮೇಲೆ ಸಮ ಮಾಡಿ ಕೊಡ್ತೀವಿ ಯಜಮಾನ್ರೇ" ಅಂದಿದ್ರು, ಮಾಡಿಯೂ ಕೊಟ್ರು. ಆದ್ರೆ ಮೇಲಿದ್ದ ಮಣ್ಣು ತಳಕ್ಕೆ ಹೋಗಿತ್ತು, ತಳದ ಕಲ್ಲು ಮೇಲೆ ಬಂದಿತ್ತು. ಮೂರು ವರ್ಷ ಸಜ್ಜೆ ಬಿತ್ತಿದೆ, ಮೊಣಕಾಲು ದಾಟಲಿಲ್ಲ.

ಕೊನೆಗೆ ಕೆರೆ ಹೂಳು ಹೊಡೆಸಿದೆ. ಒಂದು ಎಕರೆಗೆ ಅರ್ಧ ಅಡಿ ದಪ್ಪ ಮಣ್ಣು ಬೇಕಂದ್ರೆ 21,780 ಘನ ಅಡಿ. ಟ್ರಾಲಿಗೆ 100 ಅಡಿ ಹಿಡಿದ್ರೂ 218 ಟ್ರಿಪ್. ಟ್ರಿಪ್ಪಿಗೆ 600 ರೂಪಾಯಿ ಕೊಟ್ಟು ನಾನು 60 ಟ್ರಿಪ್ಪಿಗೇ ನಿಲ್ಲಿಸಿದೆ. ಗರಸಿನ ದುಡ್ಡು ಅಲ್ಲಿಗೇ ಖಾಲಿ. ಅಗೆಯೋ ದಿನ ಮೇಲ್ಮಣ್ಣನ್ನ ಬದುವಿನ ಪಕ್ಕ ಕೂಡಿಸಿ ಇಡ್ರಿ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು.

ನನ್ನ ಒಂದು ಎಕರೆಗೇ ಹೀಗಾದ್ರೆ, ನಮ್ಮ ಸಂಡೂರು ಗುಡ್ಡಗಳ ಗತಿ ಯೋಚನೆ ಮಾಡ್ರಿ. 2011ರ ಜುಲೈನಾಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿ ನಿಲ್ಲಿಸ್ತು. ಆಮೇಲೆ ಗಣಿಗಳನ್ನ ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ರು. ಹೆಚ್ಚು ಅಕ್ರಮ ಮಾಡಿದ ಸಿ ಗಣಿಗಳ ಗುತ್ತಿಗೆ 2013ರಾಗೆ ರದ್ದಾಯ್ತು. ಉಳಿದ ಗಣಿಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಪುನಶ್ಚೇತನ ಯೋಜನೆ ಬೇಕು ಅಂತ ಆಯ್ತು. ಡಂಪಿನ ಬುಡಕ್ಕೆ ತಡೆಗೋಡೆ, ಸುತ್ತ ಚರಂಡಿ, ಹಳ್ಳಕ್ಕೆ ಚೆಕ್ ಡ್ಯಾಂ ಅನ್ನೋ ಮಾತುಗಳು ನಮ್ಮ ಕಿವಿಗೆ ಬಿದ್ದಿದ್ದು ಆವಾಗ. ಅಷ್ಟೊತ್ತಿಗೆ ಕೆಂಪು ಹೂಳು ಹಳ್ಳದಾಗೆ ಕೂತಿತ್ತು. ಅಗೆದ ಮೇಲೆ ಯೋಜನೆ ಮಾಡಿದ್ದು, ನಾನು ಮಾಡಿದಂಗೇ.

ಈಗ ಅಗೆತ ಮತ್ತೆ ಜಾಸ್ತಿ ಆಗ್ತಾ ಐತೆ. ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಇದ್ದ ಮಿತಿ 2017ರಾಗೆ 2.8 ಕೋಟಿ, 2022ರಾಗೆ 3.5 ಕೋಟಿ ಆಯ್ತು. ಗಣಿ ಬೇಡವೇ ಬೇಡ ಅಂತ ನಾನು ಹೇಳಲ್ಲ. ನನ್ನ ಅಣ್ಣನ ಮಗನೇ ಟಿಪ್ಪರ್ ಓಡಿಸ್ತಾನೆ, ಅವನ ಮನೆ ನಡೆಯೋದು ಅದ್ರಿಂದಲೇ. ಆದ್ರೆ "ಮುಗಿದ ಮೇಲೆ ನೋಡೋಣ" ಅನ್ನೋ ಮಾತು ನಂಬಬ್ಯಾಡ್ರಿ.

ಯಾಕೆ ಅಂತ ಲೆಕ್ಕ ಹೇಳ್ತೀನಿ. ಗಣಿ ಮುಚ್ಚೋ ಕೆಲಸಕ್ಕೆ ಕಂಪನಿ ಸರ್ಕಾರಕ್ಕೆ ಭದ್ರತೆ ಕೊಡಬೇಕು. 2021ರ ತಿದ್ದುಪಡಿ ಪ್ರಕಾರ ಯಂತ್ರದ ದೊಡ್ಡ ಗಣಿಗೆ ಅದು ಹೆಕ್ಟೇರಿಗೆ 5 ಲಕ್ಷ, ಅಂದ್ರೆ ಎಕರೆಗೆ ಸುಮಾರು 2 ಲಕ್ಷ. ನನ್ನ ರೇಟಿನಾಗೆ ಅರ್ಧ ಅಡಿ ಮಣ್ಣು ಹೊರಗಿಂದ ತಂದ್ರೆ 1 ಲಕ್ಷ 30 ಸಾವಿರ ಅದಕ್ಕೇ ಹೋಯ್ತು. ಉಳಿದ 70 ಸಾವಿರದಾಗೆ ಇಳಿಜಾರು ಮೆಟ್ಟಿಲು ಮಾಡ್ತಾರೋ, ಚರಂಡಿ ತೋಡ್ತಾರೋ, ಸಸಿ ಹಚ್ಚಿ ಮೂರು ವರ್ಷ ನೀರು ಹಾಕ್ತಾರೋ? ಅದಿರಲಿ, ಅಷ್ಟು ಒಳ್ಳೆ ಮಣ್ಣು ತರೋದು ಎಲ್ಲಿಂದ? ಇನ್ನೊಬ್ಬ ರೈತನ ಹೊಲದಿಂದ್ಲಾ?

ಮೇಲ್ಮಣ್ಣು ಬೇರೆ ತೆಗೆದು ಬೇರೆ ಇಡಬೇಕು ಅಂತ ಕಾನೂನಿನಾಗೇ ಐತೆ. ಆದ್ರೆ ಇಡೋ ರೀತಿ ಗೊತ್ತಿರಬೇಕು. ಗುಡ್ಡದ ಹಂಗೆ ಎತ್ತರ ಒಟ್ಟಿದ್ರೆ ಒಳಗಿನ ಮಣ್ಣಿಗೆ ಉಸಿರು ಸಿಗಲ್ಲ, ಜೀವ ಹೋಗುತ್ತೆ. ತಗ್ಗಾಗಿ ಒಟ್ಟಬೇಕು, ಲಾರಿ ಹತ್ತಿಸಬಾರದು, ಮೇಲೆ ಹುರುಳಿನೋ ಸೆಣಬೋ ಹುಲ್ಲೋ ಚೆಲ್ಲಬೇಕು. ಇಪ್ಪತ್ತು ವರ್ಷ ಕಾಯಿಸದೆ, ಅಗೆತ ಮುಗಿದ ಭಾಗಕ್ಕೆ ಆಗಿಂದಾಗೇ ಹಾಕ್ತಾ ಬರಬೇಕು.

ಇನ್ನೊಂದು ವಿಷಯ. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟೈತೆ. ಗಣಿ ಮುಗಿದ ಜಾಗದಾಗೆ ಮತ್ತೆ ಹುಲ್ಲು ಬೆಳೆಸಿ, ಮೇವಿಗೆ ಯೋಗ್ಯ ಮಾಡಬೇಕು ಅನ್ನೋ ಷರತ್ತು ಗಣಿ ಗುತ್ತಿಗೆಗೆ ಸೇರಿಸ್ರಿ ಅಂತ. ಇದು ನಮ್ಮ ದನ ಕುರಿಯ ಹಕ್ಕು. ಬರೀ ಅಕೇಶಿಯಾ ಹಚ್ಚಿ ಫೋಟೋ ತೆಗೆದ್ರೆ ಹಸಿರು ಕಾಣುತ್ತೆ, ಕುರಿಗೆ ಹಿಡಿ ಮೇವು ಸಿಗಲ್ಲ.

ಇದೆಲ್ಲ ಕೇಳೋ ಜಾಗ ಪರಿಸರ ಅಹವಾಲು ಸಭೆ. ಸಭೆಗೆ 30 ದಿನ ಮುಂಚೆ ಪೇಪರಿನಾಗೆ ನೋಟಿಸ್ ಬರಬೇಕು, ವರದಿಯ ಸಾರಾಂಶ ಕನ್ನಡದಾಗೂ ಇರಬೇಕು. ಹೋದ ಸಲ ನಾವು ಹೋಗಿ ಏನು ಕೇಳಿದ್ವಿ? ಸಮುದಾಯ ಭವನ, ಕೆಲಸ, ಊಟದ ಪ್ಯಾಕೆಟ್ ಸಾಕಾಗಲಿಲ್ಲ ಅಂತ ಜಗಳ. ಮಣ್ಣಿನ ಮಾತು ಒಬ್ಬರೂ ಎತ್ತಲಿಲ್ಲ, ನಾನೂ ಸೇರಿ.

ಈ ಸಲ ನಾಲ್ಕೇ ಪ್ರಶ್ನೆ ಬರ್ಕೊಂಡು ಹೋಗೋಣ:

1. ಮೇಲ್ಮಣ್ಣು ಎಷ್ಟು, ನಕ್ಷೆಯಾಗೆ ಎಲ್ಲಿ ಇಡ್ತೀರಿ?
2. ಡಂಪಿನ ಮೇಲೆ ಬಿದ್ದ ಮಳೆ ನೀರು ಯಾವ ಹಳ್ಳಕ್ಕೆ ಬರುತ್ತೆ, ನಡುವೆ ಹೂಳು ಎಲ್ಲಿ ನಿಲ್ಲಿಸ್ತೀರಿ?
3. ಯಾವ ವರ್ಷ ಎಷ್ಟು ಎಕರೆ ಮುಚ್ಚಿ ಹುಲ್ಲು ಬೆಳೆಸ್ತೀರಿ?
4. ಅದನ್ನ ನೋಡೋಕೆ ಊರವರನ್ನ ವರ್ಷಕ್ಕೊಮ್ಮೆ ಒಳಗೆ ಬಿಡ್ತೀರಾ?

ಸಭೆ ಮುಗಿಯೋ ತನಕ ಎದ್ದು ಬರಬ್ಯಾಡ್ರಿ. ಕೊನೆಗೆ ನಡಾವಳಿಯನ್ನ ಕನ್ನಡದಾಗೆ ಓದಿ ಹೇಳಬೇಕು ಅಂತ ನಿಯಮ ಐತೆ. ನಮ್ಮ ಪ್ರಶ್ನೆ ಅದ್ರಾಗೆ ಬಂದೈತೋ ಇಲ್ಲೋ ಕೇಳಿಸ್ಕೊಂಡೇ ಏಳೋಣ.

ನನ್ನ ಆ ಒಂದು ಎಕರೆಯಾಗೆ ಈಗ ಹೂಳು ಬಿದ್ದ ಕಡೆ ಮಾತ್ರ ಸಜ್ಜೆ ಬರುತ್ತೆ, ಉಳಿದಿದ್ದು ಬರೀ ಕಲ್ಲು. ದಾರಿ ಪಕ್ಕಾನೇ ಐತೆ, ಸಭೆಗೆ ಹೋಗೋ ಮುಂಚೆ ಒಂದ್ಸಲ ಬಂದು ನೋಡ್ಕೊಂಡು ಹೋಗ್ರಿ.