ಕಡೆಯ ಮನೆಯ ವಿದ್ಯುತ್ತಿಗೆ ಬೆಲೆ ಏನು?

ಸೌರಫಲಕವು ಕೊಡುವುದು ಡಿ.ಸಿ. ಎಂದು ನಾವು ಕರೆಯುವ ನೇರ ವಿದ್ಯುತ್ತನ್ನು. ಬ್ಯಾಟರಿಯಲ್ಲಿ ಕೂಡಿಡುವುದೂ ಅದನ್ನೇ. ಹಾಗಾದರೆ ಹತ್ತಾರು ಮನೆಗಳನ್ನು ಡಿ.ಸಿ. ತಂತಿಯಿಂದಲೇ ಜೋಡಿಸಿ, ಒಬ್ಬರಲ್ಲಿ ಮಿಕ್ಕುದನ್ನು ಇನ್ನೊಬ್ಬರು ಕೊಳ್ಳುವಂತೆ ಮಾಡಬಾರದೇಕೆ? ಇದು ಬರಿಯ ಕನಸಲ್ಲ. ೨೦೧೫ರಲ್ಲಿ ಬಾಂಗ್ಲಾದೇಶದ ಶರಿಯತ್‌ಪುರದಲ್ಲಿ ಸೋಲ್‌ಶೇರ್ ಎಂಬ ಸಂಸ್ಥೆಯು ನೆರೆಹೊರೆಯವರ ನಡುವೆ ಇಂತಹ ಮಾರಾಟವನ್ನು ಆರಂಭಿಸಿತು.

ಸಂತೆ ನಡೆಯಬೇಕಾದರೆ ಅಭಾವವನ್ನೂ ಸಮೃದ್ಧಿಯನ್ನೂ ತೋರುವ ಗುರುತೊಂದು ಬೇಕು. ಎ.ಸಿ. ಜಾಲದಲ್ಲಿ ಆವರ್ತಾಂಕವೇ ಆ ಗುರುತು. ಬೇಡಿಕೆ ಮೇಲಾದರೆ ಅದು ೫೦ಕ್ಕಿಂತ ಕೆಳಗಿಳಿಯುತ್ತದೆ. ಭಾರತದಲ್ಲಿ ೨೦೦೨ರಲ್ಲಿ ಮೊದಲಾದ ಪದ್ಧತಿಯೊಂದರಲ್ಲಿ, ನಿಗದಿಯನ್ನು ಮೀರಿ ಎಳೆದ ವಿದ್ಯುತ್ತಿಗೆ ಈ ಅಂಕವನ್ನು ನೋಡಿಯೇ ಬೆಲೆ ಕಟ್ಟಿದರು. ಅದು ಜಾಲದ ಉದ್ದಗಲಕ್ಕೂ ಒಂದೇ ಆಗಿರುವುದರಿಂದ ಯಾರಿಗೂ ಪಕ್ಷಪಾತವಿಲ್ಲ. ಡಿ.ಸಿ.ಯಲ್ಲಿ ಆವರ್ತವಿಲ್ಲ, ಬೇಡಿಕೆ ಹೆಚ್ಚಿದಾಗ ಕುಗ್ಗುವುದು ವೋಲ್ಟೇಜು. ಹಾಗಾದರೆ ಪ್ರತಿ ಮನೆಯ ಬಾಗಿಲಲ್ಲಿ ವೋಲ್ಟೇಜನ್ನು ಅಳೆದು ಬೆಲೆ ಕಟ್ಟಿದರಾಯಿತಲ್ಲವೆ?

ಇದು ಸುಲಭ, ಆದರೆ ಅನ್ಯಾಯ. ೪೮ ವೋಲ್ಟಿನ ಜಾಲವೊಂದರಲ್ಲಿ ಕಡೆಯ ಮನೆಗೆ ಹೋಗಿಬರುವ ತಂತಿಯ ರೋಧ ೧ ಓಮ್ ಎಂದಿಟ್ಟುಕೊಳ್ಳೋಣ. ಆ ಮನೆಯು ೪ ಆಂಪಿಯರ್ ಎಳೆದರೆ ತಂತಿಯಲ್ಲಿಯೇ ೪ ವೋಲ್ಟು ಕಳೆದು ಬಾಗಿಲಲ್ಲಿ ೪೪ ಉಳಿಯುತ್ತದೆ. ಊರಿನಲ್ಲಿ ವಿದ್ಯುತ್ತು ಸಮೃದ್ಧವಾಗಿದ್ದರೂ ಅಲ್ಲಿಯ ಮಾಪಕವು ಬರಗಾಲವನ್ನೇ ಸಾರುತ್ತದೆ. ನಾಲೆಯ ಕಡೆಯ ಗದ್ದೆಯವನ ಪಾಡನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

‘ದೂರದವನಿಂದಲೇ ನಷ್ಟ, ಅವನೇ ತೆರಲಿ’ ಎನ್ನುವವರುಂಟು. ದೂರವೂ ಕಾರಣವೆಂಬುದು ನಿಜ. ಆದರೆ ತಂತಿಯ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ೪ ಆಂಪಿಯರಿಗೆ ೧೬ ವಾಟ್ ನಷ್ಟವಾದರೆ, ಅದೇ ತಂತಿಯಿಂದ ಪಕ್ಕದ ಮನೆಯೂ ೪ ಆಂಪಿಯರ್ ಎಳೆದಾಗ ನಷ್ಟವು ೩೨ ಅಲ್ಲ, ೬೪ ವಾಟ್. ಹೆಚ್ಚಾದ ೩೨ ವಾಟ್ ಯಾರ ಲೆಕ್ಕಕ್ಕೆ? ಇಬ್ಬರದೂ ಅಲ್ಲ, ಇಬ್ಬರೂ ಒಂದೇ ಹೊತ್ತಿನಲ್ಲಿ ಕೂಡಿದುದರ ಫಲವದು.

ಆದುದರಿಂದ ಬೆಲೆಯು ಹೊತ್ತಿಗೆ ತಕ್ಕಂತೆ ಬದಲಾಗಲಿ, ಮನೆಗೆ ತಕ್ಕಂತೆ ಅಲ್ಲ. ತಂತಿಗಳೆಲ್ಲ ಕೂಡುವ ಒಂದೇ ಸ್ಥಾನದಲ್ಲಿ ವೋಲ್ಟೇಜನ್ನು ಅಳೆದು, ಆಯಾ ಹೊತ್ತಿನ ಬೆಲೆಯನ್ನು ಎಲ್ಲ ಮನೆಗಳಿಗೂ ಸಮನಾಗಿ ಗೊತ್ತುಮಾಡಬೇಕು. ತಂತಿಯ ನಷ್ಟವನ್ನು ಬಳಕೆಗೆ ತಕ್ಕಂತೆ ಎಲ್ಲರೂ ಹಂಚಿಕೊಳ್ಳಬೇಕು. ದೇಶದೊಳಗೆ ಎಲ್ಲಿಗೆ ಬರೆದರೂ ಅಂಚೆಚೀಟಿಯ ಬೆಲೆ ಒಂದೇ ಅಲ್ಲವೆ? ಇದರಲ್ಲಿ ಧರ್ಮದಷ್ಟೇ ಲಾಭವೂ ಉಂಟು. ತಂತಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಇಮ್ಮಡಿಸಿದರೆ ನಷ್ಟವು ಅರ್ಧಕ್ಕೆ ಇಳಿಯುತ್ತದೆ. ನಷ್ಟವು ಕಡೆಯ ಮನೆಯವನೊಬ್ಬನದೇ ಆದರೆ ದಪ್ಪ ತಂತಿಯನ್ನು ಕೇಳುವವನು ಅವನೊಬ್ಬನೇ. ಎಲ್ಲರದಾದರೆ ಊರೇ ಕೇಳುತ್ತದೆ.