ಶಾಲಾ ಕ್ರೀಡಾಕೂಟಗಳಲ್ಲಿ ವಯಸ್ಸಿನ ವಂಚನೆ ತಡೆಯಲು ಮನವಿ

ಗೆ,
ಮಾನ್ಯ ಜಿಲ್ಲಾ ಕ್ರೀಡಾಧಿಕಾರಿಗಳು, ಪುಣೆ

ಇಂದ,
ಖರಾಡಿಯಲ್ಲಿ ನೆಲೆಸಿರುವ ಕನ್ನಡಿಗ ಪಾಲಕರು

ವಿಷಯ: ವಯಸ್ಸಿನ ದಾಖಲೆಗಳ ಪರಿಶೀಲನೆ ಹಾಗೂ ಪ್ರಾಮಾಣಿಕವಾಗಿ ಆಡುವ ಮಕ್ಕಳಿಗೆ ರಕ್ಷಣೆ ಕೋರಿ.

ಮಾನ್ಯರೇ,

ಕೆಲಸದ ನಿಮಿತ್ತ ಕರ್ನಾಟಕದಿಂದ ಬಂದ ನಮ್ಮ ಮಕ್ಕಳು ಇಲ್ಲಿನ ಶಾಲೆಗಳ ಪರವಾಗಿಯೇ ಆಡುತ್ತಾರೆ. 1914ರಲ್ಲಿ ಖೋ ಖೋಗೆ ನಿಯಮ ರೂಪಿಸಿದ ಊರಿದು ಎಂಬ ಹೆಮ್ಮೆ ನಮಗೂ ಇದೆ.

ಕಳೆದ ವರ್ಷ 14 ವರ್ಷದೊಳಗಿನವರ ಅಂತರಶಾಲಾ ಖೋ ಖೋ ಪಂದ್ಯವೊಂದರಲ್ಲಿ, ಕಂಬದ ಬಳಿ ಹೊರಳುವಾಗ ಎದುರಾಳಿಯ ಬೆರಳು ನಮ್ಮ ಹುಡುಗಿಯೊಬ್ಬಳ ಬೆನ್ನಿಗೆ ತಾಗಿತು. ಅಂಪೈರ್ ಕಂಡಿರಲಿಲ್ಲ. ಆಕೆ ತಾನೇ ಕೈಯೆತ್ತಿ ಅಂಕಣದಿಂದ ಹೊರಬಂದಳು. ತಂಡ ಸೋತಿತು, ತರಬೇತುದಾರರು ಎಲ್ಲರೆದುರು ಗದರಿದರು, ಮುಂದಿನ ಪಂದ್ಯಾವಳಿಯ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಅದೇ ಕೂಟದ ಹುಡುಗರ ವಿಭಾಗದಲ್ಲಿ ಕೆಲವರ ವಯಸ್ಸಿನ ಬಗ್ಗೆ ತಕರಾರು ಬಂತು. ಮುಖ ನೋಡಿ ವಯಸ್ಸು ಹೇಳಲಾಗದು, ನಿಜ. ಆದರೆ ಮೂಲ ದಾಖಲೆ ಕೇಳಿದಾಗ ಝೆರಾಕ್ಸ್ ಪ್ರತಿಯಷ್ಟೇ ಬಂತು, ಪಂದ್ಯ ನಡೆದೇ ಹೋಯಿತು.

1980ರಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ನಡೆದ ಕ್ರಿಕೆಟ್ ಟೆಸ್ಟ್‌ನಲ್ಲಿ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ ಅವರನ್ನು ಭಾರತದ ನಾಯಕ, ಭದ್ರಾವತಿಯ ಜಿ.ಆರ್. ವಿಶ್ವನಾಥ್ ಮರಳಿ ಕರೆದರು. ಟೇಲರ್ ಸಹ ಆಟಗಾರ ಬೋಥಂ ಜತೆ 171 ರನ್ ಕೂಡಿಸಿದರು, ಭಾರತ ಸೋತಿತು. ನಮ್ಮ ಮಗು ಮಾಡಿದ್ದೂ ಅಂಥದ್ದನ್ನೇ. ಇನ್ನು ವಯಸ್ಸಿನ ವಂಚನೆಯ ವಿಷಯಕ್ಕೆ ಬಂದರೆ, 2015ರಲ್ಲಿ ರಾಹುಲ್ ದ್ರಾವಿಡ್ ವಯಸ್ಸು ಮರೆಮಾಚುವುದನ್ನು ಪಂದ್ಯದ ಫಿಕ್ಸಿಂಗ್‌ಗೆ ಹೋಲಿಸಿದ್ದರು. ಈ ವಂಚನೆಯಲ್ಲಿ ಮಕ್ಕಳ ತಪ್ಪಿಗಿಂತ ದೊಡ್ಡವರ ಆಸೆಯೇ ಹೆಚ್ಚು. ಪರೀಕ್ಷೆಯ ಗ್ರೇಸ್ ಅಂಕ, ಸರ್ಕಾರಿ ನೌಕರಿಯ ಶೇ. 5 ಕ್ರೀಡಾ ಮೀಸಲಾತಿಯ ಮೇಲೆ ಕಣ್ಣಿಟ್ಟವರು ಮಗುವಿನ ಜನ್ಮದಿನವನ್ನೇ ತಿದ್ದುತ್ತಾರೆ.

ಆದ್ದರಿಂದ ಪಂದ್ಯದ ದಿನವಲ್ಲ, ತಂಡ ನೋಂದಾಯಿಸುವಾಗಲೇ ಜನನ ಪ್ರಮಾಣಪತ್ರದ ಮೂಲ ಪ್ರತಿಯನ್ನು ಶಾಲಾ ದಾಖಲಾತಿಯೊಂದಿಗೆ ತಾಳೆ ನೋಡಬೇಕು. ಒಂದನೇ ತರಗತಿಗೆ ಸೇರಿದಾಗಿನ ನಮೂದನ್ನೂ ನೋಡಬೇಕು. ತಿದ್ದುಪಡಿಗಳು ಬಯಲಾಗುವುದು ಅಲ್ಲೇ. ಸಂಶಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ವೈದ್ಯಕೀಯ ಪರೀಕ್ಷೆಯಾಗಲಿ. ಆದರೆ ಮೂಳೆಯ ಎಕ್ಸ್‌ರೇ ಒಂದನ್ನೇ ನಂಬಿ ಮಗುವನ್ನು ಅಪರಾಧಿಯಾಗಿಸಬಾರದು, ಅದರ ಲೆಕ್ಕ ವರ್ಷದಷ್ಟು ಹೆಚ್ಚುಕಮ್ಮಿಯಾಗಬಹುದು. ವಂಚನೆ ಸಾಬೀತಾದರೆ ದಂಡನೆ ಮೊದಲು ಶಾಲೆಗೆ ಮತ್ತು ತರಬೇತುದಾರರಿಗೆ ಆಗಬೇಕು. ತಾನಾಗಿ ಔಟ್ ಒಪ್ಪಿಕೊಂಡ ಮಗುವನ್ನು ತಂಡದಿಂದ ಕೈಬಿಟ್ಟರೆ ಪಾಲಕರು ಜಿಲ್ಲಾ ಕ್ರೀಡಾಧಿಕಾರಿಗಳಿಗೇ ನೇರವಾಗಿ ದೂರು ಕೊಡುವ ವ್ಯವಸ್ಥೆ ಬೇಕು.

ಈ ಸಾಲಿನ ನೋಂದಣಿ ಶುರುವಾಗುವ ಮುನ್ನವೇ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ. ಮನವಿಯ ಮರಾಠಿ ಪ್ರತಿ ಲಗತ್ತಿಸಿದೆ.

ತಮ್ಮ ವಿಶ್ವಾಸಿಗಳು,
ಖರಾಡಿಯ ಕನ್ನಡಿಗ ಪಾಲಕರು