ಮರುಭೂಮಿಯ ಮನೆಗೆ ಬೂಷ್ಟು ಹಿಡಿದಾಗ

ಮೂವತ್ತು ವರ್ಷಗಳಿಗೂ ಮಿಕ್ಕಿ ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿದವನು ನಾನು. ಇಬ್ಬನಿ ಬಿಂದುವಿನ ಪಾಠ ಬಂದಾಗಲೆಲ್ಲ ಹೊಳೆಯುವ ಸ್ಟೀಲಿನ ಲೋಟವೊಂದಕ್ಕೆ ನೀರು ತುಂಬಿ, ಸೋಡಾ ಅಂಗಡಿಯಿಂದ ತರಿಸಿದ ಐಸಿನ ಚೂರುಗಳನ್ನು ಹಾಕಿ ಮೇಜಿನ ಮೇಲಿಡುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಲೋಟದ ಹೊರಮೈ ಮಸುಕಾಗಿ ಹನಿಗಟ್ಟುತ್ತಿತ್ತು. "ಲೋಟ ಸೋರಿತೇನ್ರೋ?" ಎಂದು ಕೇಳಿದರೆ ಪ್ರತಿ ವರ್ಷವೂ ಯಾವನಾದರೊಬ್ಬ "ಹೌದ್ರೀ ಸರ್" ಎನ್ನುತ್ತಿದ್ದ. ತರಗತಿ ನಗುತ್ತಿತ್ತು. ಸೋರಿದ್ದಲ್ಲ, ಗಾಳಿಯೊಳಗಿನ ಆವಿ ತಣ್ಣನೆಯ ಮೈಯನ್ನು ಮುಟ್ಟಿ ನೀರಾದದ್ದು ಎಂದು ವಿವರಿಸಿ ಪಾಠ ಮುಗಿಸುತ್ತಿದ್ದೆ. ನಿವೃತ್ತನಾದ ಮರುವರ್ಷ, 2019ರ ಆಗಸ್ಟಿನಲ್ಲಿ, ದುಬೈಯಲ್ಲಿರುವ ಮಗನ ಮನೆಯ ಗೋಡೆ ಒದ್ದೆಯಾಗಿರುವುದನ್ನು ಕಂಡು "ಎಲ್ಲೋ ಪೈಪು ಸೋರುತ್ತಿರಬೇಕು" ಎಂದವನೂ ನಾನೇ.

ಮಗ ಆಗ ಬಾಡಿಗೆಗಿದ್ದುದು ಸಮುದ್ರಕ್ಕೆ ಹೆಚ್ಚು ದೂರವಲ್ಲದ ಹಳೆಯ ಬಡಾವಣೆಯ ಒಂದು ವಿಲ್ಲಾದ ಭಾಗದಲ್ಲಿ. 1990ರ ದಶಕದ ಕಟ್ಟಡ. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆ. ಒಳಗೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ವಾಲ್‌ಪೇಪರ್. ಮಲಗುವ ಕೋಣೆಯಲ್ಲಿ ಏ.ಸಿ.ಯ ತಂಗಾಳಿ ನೇರವಾಗಿ ಬಡಿಯುವ ಗೋಡೆಯ ಮೇಲೆ ಆ ಹಾಳೆ ಉಬ್ಬಿತ್ತು. ಅಂಚು ಸುಲಿದು ನೋಡಿದರೆ ಹಿಂದೆಲ್ಲ ಕರಿಯ ಬೂಷ್ಟು. ಆರು ವರ್ಷದ ಮೊಮ್ಮಗಳು ರಾತ್ರಿಯಿಡೀ ಕೆಮ್ಮುತ್ತಿದ್ದಳು. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ದಿಂಬಿನ ಪಕ್ಕದಲ್ಲಿಯೇ ಇರುತ್ತಿತ್ತು. ಮಾಲೀಕರ ಕಡೆಯವರು ಎರಡು ಬಾರಿ ಬಂದು ಬೂಷ್ಟು ಒರೆಸಿ ಹೊಸ ಹಾಳೆ ಅಂಟಿಸಿ ಹೋಗಿದ್ದರಂತೆ. ನನ್ನ ಮಾತು ಕೇಳಿ ಪ್ಲಂಬರನನ್ನು ಕರೆಸಿದೆವು. ಅವನು ಬಚ್ಚಲುಮನೆಯ ನಾಲ್ಕು ಟೈಲ್ಸ್ ಒಡೆದು, ಪೈಪು ನೆಟ್ಟಗಿದೆ ಎಂದು ಹೇಳಿ, ಹಣ ಪಡೆದು ಹೋದ.

ನನ್ನ ಮನೆಯಾಕೆಯ ಚಿಕಿತ್ಸೆ ಬೇರೆ. "ಮನಿಗೆ ಗಾಳಿ ಆಡಬೇಕು" ಎಂದು ಬೆಳಗಿನ ಜಾವ ಎದ್ದು ಎಲ್ಲ ಕಿಟಕಿ ತೆರೆದಿಡುತ್ತಿದ್ದಳು. ಸೊಸೆ ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನನ್ನು ಹಗಲೂ ರಾತ್ರಿ ಓಡಿಸುತ್ತಿದ್ದಳು. ಮಗ ಏ.ಸಿ.ಯನ್ನು ಹತ್ತೊಂಬತ್ತಕ್ಕೆ ಇಳಿಸಿದ್ದ. ಮೂವರದೂ ಒಳ್ಳೆಯ ಉದ್ದೇಶವೇ. ಮೂರೂ ತಪ್ಪೆಂದು ನನಗೆ ಹೊಳೆದದ್ದು ಒಂದು ರಾತ್ರಿ ಊಟದ ನಂತರ ನಾಲ್ಕು ಹೆಜ್ಜೆ ಅಡ್ಡಾಡೋಣವೆಂದು ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗ. ಕನ್ನಡಕ ಒಮ್ಮೆಲೇ ಬೆಳ್ಳಗಾಗಿ ಏನೂ ಕಾಣದಾಯಿತು. ಒರೆಸಿದೆ, ಮತ್ತೆ ಮಸುಕು. ಹೊಸ್ತಿಲಲ್ಲಿ ಕುರುಡನಂತೆ ನಿಂತವನಿಗೆ ನನ್ನ ಸ್ಟೀಲಿನ ಲೋಟ ನೆನಪಾಯಿತು.

ಮರುಭೂಮಿಯೆಂದರೆ ಒಣಹವೆ ಎಂಬುದು ನಮ್ಮೆಲ್ಲರ ತಲೆಯಲ್ಲಿ ಕುಳಿತ ಮಾತು. ಒಳನಾಡಿನ ಮರಳುಗಾಡಿಗೆ ಅದು ಬಹುಮಟ್ಟಿಗೆ ನಿಜ. ಪರ್ಷಿಯನ್ ಕೊಲ್ಲಿಯ ದಂಡೆಯ ಸಂಗತಿಯೇ ಬೇರೆ. ಆ ಕೊಲ್ಲಿ ಆಳವಿಲ್ಲದ್ದು. ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಬೇಸಿಗೆಯಲ್ಲಿ ಅದರ ನೀರು 32 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆ ನೀರಿನ ಆವಿಯನ್ನು ಕಡಲಗಾಳಿ ದಡಕ್ಕೆ ತಳ್ಳುತ್ತದೆ. ಮೋಡ ಕಟ್ಟದು, ಮಳೆ ಬಾರದು; ಆವಿ ಮಾತ್ರ ನೆಲದ ಹತ್ತಿರ ತುಂಬಿ ನಿಂತಿರುತ್ತದೆ. 2003ರ ಜುಲೈ 8ರಂದು ಇದೇ ಕೊಲ್ಲಿಯ ಸೌದಿ ದಡದ ಧಹ್ರಾನಿನಲ್ಲಿ ಇಬ್ಬನಿ ಬಿಂದು 35 ಡಿಗ್ರಿ ಮುಟ್ಟಿತ್ತು. ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚಿನ ಮಟ್ಟಗಳಲ್ಲಿ ಅದೊಂದು. ದುಬೈಯ ಆಗಸ್ಟ್ ರಾತ್ರಿಯಲ್ಲಿ ಉಷ್ಣತೆ 34 ಡಿಗ್ರಿ, ಆರ್ದ್ರತೆ ಶೇಕಡಾ 75 ಇದ್ದರೆ ಇಬ್ಬನಿ ಬಿಂದು ಹತ್ತಿರಹತ್ತಿರ 29. ಅಂದರೆ 29 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ಆ ಗಾಳಿ ಮುಟ್ಟಿದರೂ ನೀರು ಇಳಿಯಲೇಬೇಕು. ನಮ್ಮ ಕೋಣೆ ಇದ್ದುದು ಹತ್ತೊಂಬತ್ತರಲ್ಲಿ. ಇಡೀ ಮನೆಯೇ ಐಸ್ ಹಾಕಿದ ಲೋಟ. ನಾವು ಆ ಲೋಟದ ಒಳಗೆ ಕುಳಿತಿದ್ದೆವು.

ಸಿಮೆಂಟ್ ಇಟ್ಟಿಗೆಯ ಮೈತುಂಬ ಸೂಕ್ಷ್ಮ ರಂಧ್ರಗಳು. ಹೊರಗಿನ ಆವಿ ಅವುಗಳಲ್ಲಿ ನುಸುಳಿ ಒಳಮುಖವಾಗಿ ಸಾಗುತ್ತದೆ. ಕೋಣೆಯನ್ನು ತಲುಪುವಷ್ಟರಲ್ಲಿ ಎದುರಿಗೆ ಪ್ಲಾಸ್ಟಿಕ್ ಹಾಳೆ. ದಾಟಲು ದಾರಿಯಿಲ್ಲ, ಹಾಳೆಯ ಬೆನ್ನು ತಣ್ಣಗಿದೆ, ಅಲ್ಲಿಯೇ ನೀರಾಗುತ್ತದೆ. ಹಾಳೆಯ ಅಂಟು ಬೂಷ್ಟಿಗೆ ಆಹಾರ. ಹೊಸ ಹಾಳೆ ಅಂಟಿಸುವುದೆಂದರೆ ಬೂಷ್ಟಿಗೆ ಹೊಸದಾಗಿ ಎಲೆ ಹಾಕಿ ಬಡಿಸಿದಂತೆ. ಕಿಟಕಿ ತೆರೆದದ್ದರಿಂದ ಆವಿ ನೇರವಾಗಿ ಒಳಬಂದಿತು. ಎಕ್ಸಾಸ್ಟ್ ಫ್ಯಾನು ಒಳಗಿನ ಒಣಗಾಳಿಯನ್ನು ಹೊರಗೆ ಎಸೆದು, ಆ ಜಾಗ ತುಂಬಲು ಹೊರಗಿನ ಒದ್ದೆ ಗಾಳಿಯನ್ನು ಸಂದುಗೊಂದುಗಳಿಂದ ಎಳೆದು ತರುತ್ತಿತ್ತು. ಏ.ಸಿ. ಇಳಿಸಿದಷ್ಟೂ ಗೋಡೆ ಇನ್ನಷ್ಟು ತಣ್ಣಗಾಗಿ ಇನ್ನಷ್ಟು ನೀರು. ಆ ಏ.ಸಿ.ಯೋ ಕೋಣೆಗೆ ಮೀರಿದ ದೊಡ್ಡ ಯಂತ್ರ. ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣಿಸಿ ಬೇಗ ನಿಂತುಬಿಡುತ್ತದೆ. ಗಾಳಿಯ ತೇವವನ್ನು ಹಿಂಡಿ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಚಳಿದೇಶಗಳಲ್ಲಿ ಮನೆಯ ಒಳಗಿನ ಬೆಚ್ಚನೆಯ ಆವಿ ಹೊರಮುಖವಾಗಿ ಸಾಗುವುದರಿಂದ ಆವಿ ತಡೆಯುವ ಹಾಳೆಯನ್ನು ಗೋಡೆಯ ಒಳಮಗ್ಗುಲಿಗೆ ಹಾಕುತ್ತಾರೆ. ಅಲ್ಲಿ ಅದು ಸರಿ. ಕೊಲ್ಲಿಯ ದಡದಲ್ಲಿ ಎಲ್ಲವೂ ತಿರುವುಮುರುವು. ತಡೆ ಹೊರಗಿರಬೇಕು, ಒಳಮೈ ಉಸಿರಾಡಬೇಕು.

ಈ ಕಡೆಯ ವಾಕ್ಯ ನನ್ನ ಬುದ್ಧಿಯಿಂದ ಬಂದದ್ದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದುಬೈಯಲ್ಲಿ ಮಾಳಿಗೆಗಳಿಗೆ ನೀರು ತಡೆಯುವ ಹಾಳೆ ಹಾಸುವ ಕೆಲಸದಲ್ಲಿದ್ದ. ಹತ್ತನೆಯ ತರಗತಿಯಲ್ಲಿ ವಿಜ್ಞಾನ ವಿಷಯದಲ್ಲಿಯೇ ಎರಡು ಬಾರಿ ನಪಾಸಾದವನು. ಆ ಅಂಕಪಟ್ಟಿಗೆ ಸಹಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಶುಕ್ರವಾರದ ರಜೆಯ ದಿನ ಮಿಠಾಯಿ ಡಬ್ಬಿ ಹಿಡಿದು ನಮ್ಮನ್ನು ನೋಡಲು ಬಂದ. ಗೋಡೆಯನ್ನು ಬೆರಳಿನಿಂದ ಕುಟ್ಟಿ, ಕಿಟಕಿಯ ಚೌಕಟ್ಟಿನ ಸಂದಿಗೆ ಕೈ ಹಿಡಿದು, ಎರಡೇ ನಿಮಿಷದಲ್ಲಿ ಹೇಳಿದ: "ಸರ್, ಇದು ಪೈಪಿನ ನೀರಲ್ರೀ, ಗಾಳೀ ನೀರು. ಈ ಹಾಳಿ ಕಿತ್ತೊಗೀರಿ. ಗ್ವಾಡಿ ಹೊರಗ ಥರ್ಮೋಕೋಲು ಹಾಕಬೇಕಿತ್ತು, ಹಾಕಿಲ್ಲ." ನನಗೆ ಸ್ವಲ್ಪ ಹೆಮ್ಮೆಯೆನಿಸಿ, ಲೋಟದ ಪಾಠ ನೆನಪಿದೆಯೇನಪ್ಪಾ ಎಂದೆ. ಅವನು ಸಂಕೋಚದಿಂದ, "ಇಲ್ರೀ ಸರ್, ಇದನ್ನ ಕೇರಳದ ಮೇಸ್ತ್ರಿ ಒಬ್ಬಾಂವ ಹೇಳಿಕೊಟ್ಟ" ಎಂದ.

ಮಾಳಿಗೆಯ ಪದರಗಳನ್ನೂ ಅವನೇ ಅಂಗೈ ಮೇಲೆ ಅಂಗೈ ಇಟ್ಟು ವಿವರಿಸಿದ. ಕಾಂಕ್ರೀಟಿನ ಮೇಲೆ ನೀರು ಹರಿಯಲು ಇಳಿಜಾರು ಗಾರೆ. ಅದರ ಮೇಲೆ ಬೆಂಕಿಯ ನಾಲಗೆಯಿಂದ ಕರಗಿಸಿ ಅಂಟಿಸಿದ ಡಾಂಬರಿನ ಹಾಳೆ. ಅದರ ಮೇಲೆ ಗಟ್ಟಿ ಥರ್ಮೋಕೋಲಿನ ಜಾತಿಯ ಹಲಗೆ. ಕಡೆಗೆ ಬಟ್ಟೆಯಂಥ ಹೊದಿಕೆ, ಜಲ್ಲಿ ಅಥವಾ ಟೈಲ್ಸ್. ಶಾಖ ತಡೆಯುವ ಹಲಗೆ ಮೇಲಿರುವುದರಿಂದ ಡಾಂಬರಿನ ಹಾಳೆಗೆ ಬಿಸಿಲು ತಾಗದು, ಹಗಲು ಹಿಗ್ಗಿ ರಾತ್ರಿ ಕುಗ್ಗಿ ಸೀಳುವುದಿಲ್ಲ. ನಮ್ಮೂರಿನ ಮೇಲ್ಮುದ್ದೆ ಮನೆಯೂ ಹೀಗೆಯೇ ಅಲ್ಲವೇ? ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮೊಳದಷ್ಟು ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಒಳಗಿಳಿಯದ ಸವುಳು ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವುದು ನನ್ನ ತಂದೆಯವರ ಕಾಲದಲ್ಲಿ ತಪ್ಪದ ಕೆಲಸವಾಗಿತ್ತು. ಈ ಹುಡುಗ ಇರುವ ಜಾಗ ಹೇಗಿದೆಯೆಂದು ಕೇಳಿದೆ. ಕ್ಯಾಂಪಿನ ಒಂದು ಕೋಣೆಯಲ್ಲಿ ಆರು ಜನ, ಮೇಲೆ ತಗಡು ಎಂದ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿ ಕಾನೂನಿದೆ. ಬೇರೆಯವರ ಮಾಳಿಗೆಗೆ ತಂಪು ಹೊದಿಸಿದ ಮೇಲೆ ಆ ಎರಡೂವರೆ ತಾಸು ಅವನು ವಿಶ್ರಮಿಸುವ ನೆರಳು ಯಾವುದೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಅವನ ಮಾತಿನಂತೆ ಹಾಳೆ ಕಿತ್ತೆವು. ಬೂಷ್ಟು ತೊಳೆದು ಗೋಡೆ ಒಣಗಿಸಿ, ಆವಿಯನ್ನು ಬಿಡುವ ಸಾದಾ ಬಣ್ಣ ಬಳಿಸಿದೆವು. ಕಿಟಕಿಯ ಸಂದುಗಳನ್ನೂ ಏ.ಸಿ. ಪೈಪು ಹಾಯುವ ತೂತನ್ನೂ ಮುಚ್ಚಿಸಿ, ಏ.ಸಿ.ಯನ್ನು ಇಪ್ಪತ್ತೈದಕ್ಕೆ ಏರಿಸಿ, ಗಾಳಿಯ ದಿಕ್ಕು ಬದಲಿಸಿದೆವು. ಮೊಮ್ಮಗಳ ಕೆಮ್ಮು ನವೆಂಬರಿನ ಹೊತ್ತಿಗೆ ಕಡಿಮೆಯಾಯಿತೆಂದು ಮಗ ಫೋನಿನಲ್ಲಿ ತಿಳಿಸಿದ. ಅಷ್ಟರಲ್ಲಿ ಹವೆಯೂ ತಂಪಾಗಿತ್ತಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ನಾವು ತೆಗೆದುಕೊಳ್ಳುವಂತಿಲ್ಲ.

ಮುಂದೊಮ್ಮೆ ಚಳಿಗಾಲದಲ್ಲಿ ಹೋದಾಗ ಅಲ್ ಫಹೀದಿ ಎಂಬ ಹಳೆಯ ಕೇರಿಯನ್ನು ನೋಡಿದೆ. ಇರಾನಿನ ಬಸ್ತಕ್ ಕಡೆಯಿಂದ ಬಂದ ವರ್ತಕರು ನೆಲೆಸಿದ್ದರಿಂದ ಅದಕ್ಕೆ ಬಸ್ತಕೀಯಾ ಎಂಬ ಹೆಸರೂ ಇತ್ತು. ಹವಳದ ಕಲ್ಲಿನ ದಪ್ಪ ಗೋಡೆಗಳು, ಜಿಪ್ಸಮ್ಮಿನ ಗಾರೆ, ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಕಾಂಡ್ಲಾ ಮರದ ತೊಲೆಗಳು, ಮೇಲೆ ಗಾಳಿಯನ್ನು ಹಿಡಿದು ಕೋಣೆಗಿಳಿಸುವ ಚೌಕಾಕಾರದ ಗೋಪುರಗಳು. ಬಡವರು ಖರ್ಜೂರದ ಗರಿಯ ಗುಡಿಸಲುಗಳಲ್ಲಿ ಇರುತ್ತಿದ್ದರಂತೆ. ಅನುಕೂಲವಿದ್ದವರು ಬೇಸಿಗೆಗೆ ಒಳನಾಡಿನ ಖರ್ಜೂರದ ತೋಪುಗಳಿಗೆ ಹೋಗುತ್ತಿದ್ದರಂತೆ. ಅಲ್ಲಿ ಸೆಕೆ ಇದ್ದಿರಬೇಕು, ಬೆವರೂ ಹರಿದಿರಬೇಕು. ಆ ಕಾಲ ಹಿತವಾಗಿತ್ತೆಂದು ಹೇಳುವವನು ನಾನಲ್ಲ. ಆದರೆ ಆ ಮನೆಗಳಲ್ಲಿ ಹೊರಗಿನ ಗಾಳಿಗಿಂತ ಬಹಳ ತಣ್ಣಗಿರುವ ಮೈ ಎಂಬುದೇ ಇರಲಿಲ್ಲ. ಆದ್ದರಿಂದ ಗಾಳಿಯ ಆವಿ ಗೋಡೆಯಲ್ಲಿ ನೀರಾಗುವ ಪ್ರಸಂಗ ವಿರಳ. ಅವರ ಗೋಡೆಯ ಶತ್ರು ಬೇರೆ: ನೆಲದಿಂದ ಏರುವ ಉಪ್ಪುನೀರು. ಏ.ಸಿ. ತಂದವರು ನಾವು, ಅದರ ಜೊತೆಗೆ ಗೋಡೆಯನ್ನೂ ಬದಲಿಸಬೇಕೆಂಬ ಅರಿವು ತಡವಾಗಿ ಬಂದಿತು.

ಬಂದಿತು ಎನ್ನುವುದನ್ನು ಒಪ್ಪಲೇಬೇಕು. ದುಬೈ ನಗರಾಡಳಿತ 2003ರಲ್ಲಿಯೇ ಶಾಖನಿರೋಧಕದ ನಿಯಮ ತಂದಿತು. 2014ರಿಂದ ಎಲ್ಲ ಹೊಸ ಕಟ್ಟಡಗಳಿಗೂ ಹಸಿರು ಕಟ್ಟಡ ನಿಯಮಗಳು ಕಡ್ಡಾಯವಾದವು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಗೋಡೆಯ ಒಂದು ಚದರ ಮೀಟರಿನ ಮೂಲಕ ದಾಟುವ ಶಾಖ 0.57 ವ್ಯಾಟನ್ನು ಮೀರಬಾರದು, ಮಾಳಿಗೆಯ ಮೂಲಕ 0.30 ಮೀರಬಾರದು ಎಂದು ಅವು ವಿಧಿಸುತ್ತವೆ. ಬರಿಯ ಟೊಳ್ಳು ಇಟ್ಟಿಗೆಯ ಗೋಡೆಯಲ್ಲಿ ಎರಡು ವ್ಯಾಟಿಗೂ ಹೆಚ್ಚು ದಾಟುತ್ತದೆ. ನಿಯಮ ಒಳ್ಳೆಯದೇ. ನನ್ನ ತಕರಾರು ಇಷ್ಟು: ಹಳೆಯ ಮನೆಯ ಹೊರಗೋಡೆಗೆ ಹೊದಿಕೆ ಹಾಕಿಸುವ ಖರ್ಚು ಮಾಲೀಕನದು, ಅದರಿಂದ ಉಳಿಯುವ ವಿದ್ಯುತ್ ಬಿಲ್ಲು ಬಾಡಿಗೆದಾರನದು. ಹೀಗಿರುವಾಗ ಮಾಲೀಕ ಏಕೆ ಹಾಕಿಸಿಯಾನು? ವಾಲ್‌ಪೇಪರ್ ಅಗ್ಗ, ಚೆಂದವೂ ಕಾಣುತ್ತದೆ. ಫ್ರಿಜ್ ಕೊಳ್ಳುವಾಗ ಅದರ ಮೇಲೆ ನಕ್ಷತ್ರಗಳ ಚೀಟಿ ನೋಡುತ್ತೇವೆ. ವರ್ಷವಿಡೀ ವಾಸಿಸುವ ಗೋಡೆಯೊಳಗೆ ಏನಿದೆ, ಮಾಳಿಗೆಯ ಮೇಲೆ ಏನು ಹಾಸಿದ್ದಾರೆ, ಯಾವ ವರ್ಷ ಹಾಸಿದ್ದಾರೆ ಎಂಬ ಮೂರು ಸಾಲುಗಳು ಬಾಡಿಗೆಯ ಕರಾರುಪತ್ರದಲ್ಲಿ ಏಕಿರಬಾರದು? ನನ್ನ ಮಗ ಎಂಜಿನಿಯರು. ಅವನೂ ಕೇಳಿರಲಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

2021ರಲ್ಲಿ ಅವನು ಹೊಸ ಕಟ್ಟಡವೊಂದರ ಕಡೆಯ ಅಂತಸ್ತಿಗೆ ಹೋದ. ಗೋಡೆ ಒಣಗಿತ್ತು, ಬಿಲ್ಲು ಇಳಿದಿತ್ತು. ಮರುಭೂಮಿಯಲ್ಲಿ ಇನ್ನೊಂದು ನೀರೂ ಉಂಟೆಂಬುದನ್ನು ನಾವೆಲ್ಲ ಮರೆತಿದ್ದೆವು. 2024ರ ಏಪ್ರಿಲ್ 16ರಂದು ಮಗನ ಫೋನು: "ಅಪ್ಪಾ, ನಮ್ಮ ಮಾಳಿಗಿ ಸೋರಾಕತ್ತೈತಿ!" ಆ ದಿನ ದುಬೈ ವಿಮಾನನಿಲ್ದಾಣದಲ್ಲಿ 140 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು; ಅಲ್ಲಿಯ ಇಡೀ ವರ್ಷದ ಸರಾಸರಿ ನೂರನ್ನು ಮುಟ್ಟದು. ಅಲ್ ಐನ್ ಬಳಿಯ ಖತಮ್ ಅಲ್ ಶಕ್ಲಾದಲ್ಲಿ 254.8 ಮಿಲಿಮೀಟರ್, 1949ರಲ್ಲಿ ದಾಖಲೆ ಇಡಲು ಆರಂಭಿಸಿದ ಮೇಲೆ ಆ ದೇಶ ಕಂಡ ಅತಿ ದೊಡ್ಡ ಮಳೆ ಅದು. ಮಗನ ಮಾಳಿಗೆಯ ಹಾಳೆ ಚೆನ್ನಾಗಿಯೇ ಇತ್ತು. ಆದರೆ ಯಾರೋ ಡಿಶ್ ಆಂಟೆನಾ ನಿಲ್ಲಿಸಲು ಅದಕ್ಕೆ ಬೋಲ್ಟು ಹೊಡೆದಿದ್ದರು. ನೀರು ಹೋಗುವ ಬಾಯಿಯಲ್ಲಿ ವರ್ಷಗಳ ಮರಳು ಕಟ್ಟಿಕೊಂಡಿತ್ತು. ಒಳಗಿನ ಸುಳ್ಳುಚಾವಣಿ ನೆನೆದು ಮೊಮ್ಮಗಳ ಓದುವ ಮೇಜಿನ ಮೇಲೆ ಕುಸಿಯಿತು. ಅವಳು ಪುಣ್ಯಕ್ಕೆ ಅಡುಗೆಮನೆಯಲ್ಲಿದ್ದಳು. ಇಂಥ ಮಳೆ ಎಪ್ಪತ್ತು ವರ್ಷಕ್ಕೊಮ್ಮೆ ಬರುವುದು, ಅದಕ್ಕೆ ಯಾರೇನು ಮಾಡಲಾದೀತು ಎಂದರಂತೆ ಕಟ್ಟಡದವರು.

ಮಾಡಬಹುದಾದದ್ದು ಹೆಚ್ಚೇನಲ್ಲ. ನನ್ನ ವಿದ್ಯಾರ್ಥಿ ಹೇಳುವಂತೆ, ಹಾಳೆ ಹಾಸಿದ ಮೇಲೆ ನೀರಿನ ಬಾಯಿ ಮುಚ್ಚಿ ಎರಡು ದಿನ ಮಾಳಿಗೆಯಲ್ಲಿ ನೀರು ನಿಲ್ಲಿಸಿ ನೋಡಬೇಕು. ಹೊಸ ಕಟ್ಟಡಕ್ಕೆ ಹೀಗೆ ಮಾಡುತ್ತಾರೆ. ಮೇಲೆ ಹತ್ತಿದವರೆಲ್ಲ ತೂತು ಹೊಡೆದ ಮೇಲೆ ಮತ್ತೊಮ್ಮೆ ಯಾರೂ ಮಾಡುವುದಿಲ್ಲ. ಮಳೆಗಾಲವೇ ಇಲ್ಲದ ಊರಿನಲ್ಲಿ ಮಾಳಿಗೆಯ ತಪ್ಪನ್ನು ತೋರಿಸಿಕೊಡಲು ಮಳೆಯೂ ಬಾರದು. ವರ್ಷಕ್ಕೊಮ್ಮೆ ಮರಳು ಬಳಿದು ತೆಗೆಯಲು ಒಬ್ಬ ಆಳಿನ ಅರ್ಧ ದಿನ ಸಾಕು.

ಮಗ ಈಗ ಸ್ವಂತಕ್ಕೊಂದು ಫ್ಲ್ಯಾಟ್ ಕೊಳ್ಳುವ ವಿಚಾರದಲ್ಲಿದ್ದಾನೆ. ನಾನು ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳಿಸಿದ್ದೆ: ಗೋಡೆಯ ಹೊರಮಗ್ಗುಲಿಗೆ ಏನಿದೆ, ಮಾಳಿಗೆಯನ್ನು ನೀರು ನಿಲ್ಲಿಸಿ ಪರೀಕ್ಷಿಸಿದ ಕಾಗದ ಎಲ್ಲಿದೆ, ಏ.ಸಿ.ಯ ಗಾತ್ರವನ್ನು ಲೆಕ್ಕ ಹಾಕಿದವರು ಯಾರು. ಕಳೆದ ವಾರ ಅವನು ಏಜೆಂಟನ ಮುಂದೆ ಚೀಟಿ ತೆಗೆದು ಮೂರನ್ನೂ ಓದಿದನಂತೆ. ಏಜೆಂಟ್ ನಗುತ್ತಾ ಅವನ ಕೈ ಹಿಡಿದುಕೊಂಡು ಹೋಗಿ ಈಜುಕೊಳ ತೋರಿಸಿದನಂತೆ. ಚೀಟಿಯನ್ನು ಎಸೆಯಬೇಡ, ಮುಂದಿನವನಿಗೂ ಓದು ಎಂದಿದ್ದೇನೆ.